ಉತ್ತರ ಬಾರದಿದ್ದರೆ ಒಪ್ಪಿಗೆ

ತೆಲ್ಲೆರ್ವೊ ಕುಯಿತ್ತಿನೆನ್ ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಅವಳ ಮೇಲೆ ನನಗೆ ಸಿಟ್ಟು ಬರುವುದಿದೆ, ಆಗ ನನ್ನ ಮಾತಿಗೆ ಲಂಗುಲಗಾಮು ಇರುವುದಿಲ್ಲ.

ನಮ್ಮೂರಿನ ಸರೋವರ ಸಂಶೋಧನಾ ಸಂಘದ ಪತ್ರಿಕೆಗೆ ಅವಳು ಇಪ್ಪತ್ತೊಂಬತ್ತು ವರ್ಷ ಕಾರ್ಯದರ್ಶಿಯಾಗಿದ್ದಳು. ಫಿನ್ಲೆಂಡಿನಲ್ಲಿ ಸರೋವರಗಳಿಗೂ ಬರವಿಲ್ಲ, ಅವುಗಳ ಮೇಲೆ ಬರೆಯುವವರಿಗೂ ಬರವಿಲ್ಲ. ಬಂದ ಲೇಖನವನ್ನು ಇಬ್ಬರು ತಜ್ಞರಿಗೆ ಕಳಿಸುವುದು, ಅವರ ತಕರಾರನ್ನು ಲೇಖಕರಿಗೆ ಮುಟ್ಟಿಸುವುದು, ತಿದ್ದಿಕೊಂಡು ಬಂದದ್ದನ್ನು ಅಚ್ಚಿಗೆ ಅಣಿಮಾಡುವುದು ಅವಳ ಕೆಲಸ. ಆಗ ನಾನು ಅಚ್ಚುಕೂಟದಲ್ಲಿ ಪುಟ ಕಟ್ಟುತ್ತಿದ್ದೆ, ಪೇಪರಿಗೆ ಬರೆಯಲು ಶುರುಮಾಡಿದ್ದು ಆಮೇಲೆ. ವಿಜ್ಞಾನ ನನಗೆ ಗೊತ್ತಾದದ್ದು ಅವಳ ಬೈಗುಳದಿಂದಲೇ. "ಹದಿನಾಲ್ಕನೇ ಪುಟದಲ್ಲಿ ಒಂದು ಸೊನ್ನೆ ಜಾಸ್ತಿ ಹಾಕಿದ್ದೀಯಲ್ಲೋ. ಕೆರೆ ಆಳ ಆರುನೂರು ಮೀಟರ್ ಅಂತೆ! ನಿನ್ನನ್ನೇ ಒಳಗಿಳಿಸಿ ಅಳೆಸ್ತೀನಿ ಇರು" ಎಂದು ಫೋನಿನಲ್ಲಿ ಕೂಗುತ್ತಿದ್ದಳು.

ಸ್ವಂತ ಭಾವನ ಲೇಖನವನ್ನೇ ಅವಳು ವಾಪಸು ಕಳಿಸಿದ್ದಳು. ಅದು ಆಗಲೇ ಸ್ವೀಡನ್ನಿನ ಪತ್ರಿಕೆಯೊಂದರಲ್ಲಿ ಬಂದಿತ್ತು. "ಅವರಿಗೆ ಉಣಬಡಿಸಿ ಆಯ್ತು, ಈಗ ನಮಗೆ ಎಂಜಲಾ?" ಎಂದು ಕೇಳಿದ್ದಕ್ಕೆ ಭಾವ ಎರಡು ಕ್ರಿಸ್ಮಸ್ ಮಾತು ಬಿಟ್ಟ.

ಲೇಖಕರ ಪಟ್ಟಿಯಲ್ಲಿ ಒಮ್ಮೆ ಬಂದ ಹೆಸರನ್ನು ಕಿತ್ತುಹಾಕಬೇಕಾದರೆ ಆ ಹೆಸರಿನವರೇ ಬರೆದು ಒಪ್ಪಬೇಕು ಎಂಬ ನಿಯಮವನ್ನು ಸಂಘದ ಮಂಡಳಿಯೊಡನೆ ಜಗಳವಾಡಿ ತಂದವಳೂ ಅವಳೇ. ಆದರೆ ನಮ್ಮ ಜನಕ್ಕೆ ಒಪ್ಪಿಗೆಯಿದ್ದರೆ ಬಾಯಿ ಬಿಡುವ ಅಭ್ಯಾಸವಿಲ್ಲ. ಮದುವೆಗೆ ಕರೆದರೂ ಬರುತ್ತೇನೆ ಅನ್ನುವುದಿಲ್ಲ. ಬಂದು ಬಾಗಿಲಲ್ಲಿ ನಿಲ್ಲುತ್ತಾರೆ, ಅಷ್ಟೆ. ಹೆಸರು ತೆಗೆಯಬಹುದೇ ಎಂದು ಕೇಳಿ ತೆಲ್ಲೆರ್ವೊ ಕಳಿಸಿದ ಪತ್ರಗಳಿಗೆ ಅರ್ಧದಷ್ಟು ಮಂದಿ ಉತ್ತರವನ್ನೇ ಬರೆಯುತ್ತಿರಲಿಲ್ಲ. ಸಂಚಿಕೆ ತಡವಾಗುತ್ತಿತ್ತು. ಕೊನೆಗೆ ಅವಳು ತನ್ನಷ್ಟಕ್ಕೆ ಒಂದು ಲೆಕ್ಕ ಹಾಕಿಕೊಂಡಳು. ಎರಡು ವಾರ ಕಾಯುವುದು. ಉತ್ತರ ಬಾರದಿದ್ದರೆ ಒಪ್ಪಿಗೆ. ಹತ್ತು ಹನ್ನೆರಡು ವರ್ಷ ಇದರಿಂದ ಯಾರಿಗೂ ಏನೂ ಆಗಲಿಲ್ಲ. ಅದಕ್ಕೇ ಅದು ತಪ್ಪು ಅನ್ನುವುದು ಅವಳಿಗೆ ಮರೆತೇಹೋಯಿತು.

ಪಿಹ್ಲಾ ವೆನಾಲೈನೆನ್ ಡಾಕ್ಟರೇಟ್ ಮಾಡುತ್ತಿದ್ದ ಹುಡುಗಿ. ನಾಲ್ಕು ಚಳಿಗಾಲ ಹೆಪ್ಪುಗಟ್ಟಿದ ಸರೋವರದ ಮೇಲೆ ನಿಂತು, ಮಂಜುಗಡ್ಡೆ ಕೊರೆದು, ಅಡಿಯ ನೀರು ಎತ್ತಿದವಳು. ಸೀಸೆಯಲ್ಲಿ ನೀರು ಗಡ್ಡೆಯಾಗದಿರಲೆಂದು ಅದನ್ನು ಅಂಗಿಯೊಳಗೆ, ಹೊಟ್ಟೆಗೆ ಒತ್ತಿಟ್ಟುಕೊಂಡು ತರುತ್ತಿದ್ದಳು. ಇಲ್ಲಿ ಡಾಕ್ಟರ್ ಆಗಬೇಕಾದರೆ ಪತ್ರಿಕೆಗಳಲ್ಲಿ ನಾಲ್ಕು ಲೇಖನ ಅಚ್ಚಾಗಬೇಕು. ಅವಳದು ಮೂರು ಆಗಿತ್ತು. ನಾಲ್ಕನೆಯದು ತೆಲ್ಲೆರ್ವೊಳ ಮೇಜಿಗೆ ಬಂದಾಗ ಮೊದಲ ಹೆಸರು, ಎಂದರೆ ಮುಖ್ಯ ಲೇಖಕರ ಜಾಗ, ಪಿಹ್ಲಾಳದು; ಕೊನೆಯ ಹೆಸರು ಅವಳ ಪ್ರೊಫೆಸರ್ ತೋರ್ಸ್ತಿ ಪುರಾನೆನ್‌ನದು.

ತಜ್ಞರು ಲೇಖನವನ್ನು ಹೊಗಳಿದರು. ಹೊಗಳಿದ್ದೇ ತಡ, ಮೊದಲ ಹೆಸರು ತನ್ನದಿರಲಿ ಎಂದು ತೋರ್ಸ್ತಿ ಪಟ್ಟುಹಿಡಿದ. ಪಿಹ್ಲಾ ಆಗುವುದಿಲ್ಲ ಎಂದಳು. ಅವಳ ಸಂಬಳದ ಅವಧಿ ಮೇ ತಿಂಗಳಿಗೆ ಮುಗಿಯುತ್ತಿತ್ತು. ಮುಗಿಯಿತು, ಮತ್ತೆ ಮುಂದುವರಿಯಲಿಲ್ಲ. ಜೂನಿನಲ್ಲಿ ತಿದ್ದಿ ಬಂದ ಲೇಖನದಲ್ಲಿ ಮೊದಲ ಹೆಸರು ತೋರ್ಸ್ತಿಯದು. ಪಿಹ್ಲಾ ಕೊನೆಯ ಪುಟದ ಕೃತಜ್ಞತೆಯ ಸಾಲಿನಲ್ಲಿದ್ದಳು, ದೋಣಿ ಕೊಟ್ಟವನ ಪಕ್ಕದಲ್ಲಿ.

ತೆಲ್ಲೆರ್ವೊ ನಿಯಮದಂತೆ ಪಿಹ್ಲಾಳಿಗೆ ಮಿಂಚಂಚೆ ಕಳಿಸಿದಳು, ವಿಶ್ವವಿದ್ಯಾಲಯದ ವಿಳಾಸಕ್ಕೆ. ಕೆಲಸ ಬಿಟ್ಟವರ ವಿಳಾಸ ಅಲ್ಲಿ ಸತ್ತಿರುತ್ತದೆ; ಬಂದದ್ದನ್ನು ನುಂಗುತ್ತದೆ, ವಾಪಸು ಕಳಿಸುವುದೂ ಇಲ್ಲ. ಎರಡು ವಾರ ಕಳೆಯಿತು. ಜುಲೈ ಬಂದರೆ ಇಡೀ ದೇಶ ಬಾಗಿಲು ಹಾಕಿಕೊಂಡು ಕೆರೆ ದಡದ ಗುಡಿಸಲಿಗೆ ಹೋಗುತ್ತದೆ. ತೆಲ್ಲೆರ್ವೊಳ ಚೀಲವೂ ಕಟ್ಟಿಯಾಗಿತ್ತು. ನಮೂನೆಯಲ್ಲಿ "ಒಪ್ಪಿಗೆ ಪಡೆಯಲಾಗಿದೆ" ಎಂಬಲ್ಲಿ ಗುರುತು ಹಾಕಿ ಹೊರಟುಬಿಟ್ಟಳು.

ಅಕ್ಟೋಬರಿನಲ್ಲಿ ಪಿಹ್ಲಾ ಸಂಚಿಕೆ ಹಿಡಿದು ಕಚೇರಿಗೆ ಬಂದಳು.

"ನನ್ನ ಒಪ್ಪಿಗೆ ತಗೊಂಡಿದ್ದೀರಂತೆ. ತೋರಿಸಿ."

ತೆಲ್ಲೆರ್ವೊ ಕಡತ ತೆರೆದು ತಾನು ಕಳಿಸಿದ ಪತ್ರ ತೋರಿಸಿದಳು.

"ಇದು ನೀವು ಕೇಳಿದ್ದು. ನಾನು ಹೇಳಿದ್ದು ಎಲ್ಲಿ?"

"ಉತ್ತರ ಬರಲಿಲ್ಲ ಕಣಮ್ಮಾ. ಬರದಿದ್ರೆ ಒಪ್ಪಿದ ಹಾಗೇ ಅಂತ..."

"ಅಂತ ಯಾರು ಹೇಳಿದ್ದು?"

ಪಿಹ್ಲಾ ಅದೇ ಕಡತದಿಂದ, ಲೇಖನದ ಜೊತೆ ತಾನು ತುಂಬಿ ಕೊಟ್ಟಿದ್ದ ಮೊದಲ ನಮೂನೆಯನ್ನು ಎಳೆದು ಬೆರಳಿಟ್ಟಳು. ಅವಳ ಮೊಬೈಲ್ ನಂಬರ್ ಅವಳದೇ ಕೈಬರಹದಲ್ಲಿತ್ತು. "ಒಂದು ಫೋನ್ ಮಾಡೋಕ್ಕಾಗ್ಲಿಲ್ವಾ? ಮಾರ್ಚ್‌ನಲ್ಲಿ ನನ್ನ ಪ್ರಬಂಧದ ಪರೀಕ್ಷೆ. ನಾಲ್ಕನೇ ಲೇಖನ ನನ್ನದಲ್ಲ ಅಂದ್ರೆ ಪರೀಕ್ಷೆನೇ ಇಲ್ಲ. ತಿದ್ದುಪಡಿ ಹಾಕಿಸಿ. ನನಗೆ ಬೇರೇನೂ ಬೇಡ."

ತೆಲ್ಲೆರ್ವೊ ಅದೇ ದಿನ ಸಂಪಾದಕ ಔಲಿಸ್‌ನ ಬಳಿಗೆ ಹೋದಳು. ಔಲಿಸ್ ಮತ್ತು ತೋರ್ಸ್ತಿ ಮೂವತ್ತು ವರ್ಷದಿಂದ ಒಂದೇ ಸೌನಾದ ಬಿಸಿ ಹಬೆಯಲ್ಲಿ ಬೆವರಿದವರು. ಅವಳ ಮುಂದೆಯೇ ತೋರ್ಸ್ತಿಗೆ ಫೋನ್ ಹೋಯಿತು.

"ಐಸ್ ಕೊರೆದವರೆಲ್ಲ ಲೇಖಕರಾದ್ರೆ ನಮ್ಮೂರ ಮೀನು ಹಿಡಿಯೋರೆಲ್ಲ ಡಾಕ್ಟರಾಗ್ಬೇಕಲ್ಲಪ್ಪಾ!" ಎಂದು ತೋರ್ಸ್ತಿ ನಕ್ಕದ್ದು ಅವಳಿಗೂ ಕೇಳಿಸಿತು.

"ಮೊದಲ ಕರಡು ಬರೆದದ್ದೂ ಅವಳೇ. ನನ್ನ ಹತ್ರ ಇದೆ" ಎಂದಳು ತೆಲ್ಲೆರ್ವೊ.

ಔಲಿಸ್ ಫೋನಿಟ್ಟು, ಅವಳಿಗೆ ಕಾಫಿ ಬಗ್ಗಿಸಿದ. "ನೋಡು ತೆಲ್ಲೆರ್ವೊ, ಒಪ್ಪಿಗೆ ಸಿಕ್ಕಿದೆ ಅಂತ ಗುರುತು ಹಾಕಿದ್ದು ತೋರ್ಸ್ತಿಯಲ್ಲ, ನೀನು. ತಿದ್ದುಪಡಿ ಹಾಕಿದ್ರೆ ಮೊದಲು ಹೋಗೋದು ನಿನ್ನ ಮಾನ. ನಿವೃತ್ತಿಗೆ ಎಷ್ಟಿದೆ? ಎರಡು ವರ್ಷ? ಸ್ವಲ್ಪ ದಿನ ತಡಿ. ಹುಡುಗಿ ತಣ್ಣಗಾಗ್ತಾಳೆ."

ಅವಳು ತಡೆದಳು. ನನ್ನ ಸಿಟ್ಟು ಇಲ್ಲೇ ಇರುವುದು. ತೋರ್ಸ್ತಿಯಂಥ ಕಳ್ಳರು ಎಲ್ಲ ಊರಲ್ಲೂ ಇದ್ದಾರೆ. ಅವರನ್ನು ಬೈದು ಬರೆಯುವುದು ಸುಲಭ, ಬರೆದೂ ಬರೆದೂ ನನ್ನ ಕೈ ಸವೆದಿದೆ. ಆದರೆ ಒಂದು ಸೊನ್ನೆ ಹೆಚ್ಚಾದದ್ದಕ್ಕೆ ನನ್ನನ್ನು ಕೆರೆಗಿಳಿಸುತ್ತೇನೆ ಎಂದಿದ್ದವಳು, ಒಬ್ಬ ಹುಡುಗಿಯ ಹೆಸರೇ ಅಳಿಸಿಹೋದಾಗ ಅಕ್ಟೋಬರಿನಿಂದ ಮೇ ತನಕ ತೆಪ್ಪಗಿದ್ದಳು. ಪಿಹ್ಲಾ ನಾಲ್ಕು ಸಲ ಬರೆದಳು. ಪ್ರತಿ ಸಲವೂ ತೆಲ್ಲೆರ್ವೊ "ವಿಷಯ ಪರಿಶೀಲನೆಯಲ್ಲಿದೆ" ಎಂದು ಉತ್ತರಿಸಿದಳು. ಪಿಹ್ಲಾ ವಿಶ್ವವಿದ್ಯಾಲಯಕ್ಕೆ ಕೊಟ್ಟ ದೂರೂ ಪರಿಶೀಲನೆಯಲ್ಲೇ ಇತ್ತು. ಮಾರ್ಚಿನ ಪರೀಕ್ಷೆ ರದ್ದಾಯಿತು. ಆಮೇಲೆ ಪಿಹ್ಲಾಳ ಪತ್ರ ನಿಂತಿತು.

ನಿಂತದ್ದನ್ನೇ ತೆಲ್ಲೆರ್ವೊಳಿಗೆ ತಡೆದುಕೊಳ್ಳಲಾಗಲಿಲ್ಲ. ಮೇ ತಿಂಗಳಲ್ಲಿ ಅವಳು ನನ್ನ ಮನೆಗೆ ಬಂದು ಒಂದು ಕಾಗದ ಮುಂದಿಟ್ಟಳು. ಒಪ್ಪಿಗೆ ಇರಲಿಲ್ಲ, ಇದೆಯೆಂದು ಗುರುತು ಹಾಕಿದವಳು ನಾನು, ಹೀಗೇ ಎಷ್ಟೋ ವರ್ಷದಿಂದ ಮಾಡುತ್ತಿದ್ದೆ ಎಂದು ಬರೆದಿದ್ದಳು.

"ಕೊಡು ಇಲ್ಲಿ. ಭಾನುವಾರದ ಪೇಪರಲ್ಲಿ ಹಾಕ್ತೀನಿ, ಔಲಿಸ್, ತೋರ್ಸ್ತಿ ಇಬ್ಬರೂ ಬೆತ್ತಲಾಗ್ಲಿ" ಎಂದೆ.

"ನಿನ್ನ ಪೇಪರಲ್ಲಿ ಬೇಡ. ತಪ್ಪು ಎಲ್ಲಿ ಅಚ್ಚಾಗಿದೆಯೋ ಅಲ್ಲೇ ಇದೂ ಅಚ್ಚಾಗ್ಬೇಕು. ಓದಿ ನೋಡು, ವಾಕ್ಯ ಸರಿ ಇದೆಯಾ?"

ವಾಕ್ಯ ಸರಿ ಇತ್ತು. ಹಾಗೆಂದೆ. ಏಳು ತಿಂಗಳು ಎಲ್ಲಿಗೆ ಹೋಗಿದ್ದೆ ಎಂದೂ ಕೇಳಿದೆ. ಅವಳು ಟೋಪಿ ಹಾಕಿಕೊಂಡು ಎದ್ದಳು.

ಆ ಕಾಗದವನ್ನು ಅವಳು ಸಂಘದ ಎಲ್ಲ ಸದಸ್ಯರಿಗೂ ಕಳಿಸಿದ್ದರಿಂದ ಔಲಿಸ್ ಅದನ್ನು ನುಂಗಲಾರದೆ ಹೋದ. ತಿದ್ದುಪಡಿ ಸೆಪ್ಟೆಂಬರಿನಲ್ಲಿ ಬಂತು. ಮೂರು ಸಾಲು. ಪಿಹ್ಲಾಳ ಹೆಸರು ಸೇರಿತು, ಎರಡನೆಯದಾಗಿ. ಮೊದಲ ಜಾಗ ತೋರ್ಸ್ತಿ ಬಿಡಲಿಲ್ಲ. ತೆಲ್ಲೆರ್ವೊ ಬರೆದುಕೊಂಡಿದ್ದ ತಪ್ಪೊಪ್ಪಿಗೆಯ ಜಾಗದಲ್ಲಿ "ಕಚೇರಿಯ ಅಚಾತುರ್ಯದಿಂದ" ಎಂದಿತ್ತು.

ಸಂಚಿಕೆ ಹಿಡಿದು ತೆಲ್ಲೆರ್ವೊ ಎರಡು ಗಂಟೆ ಬಸ್ಸಿನಲ್ಲಿ ಹೋದಳು. ಪಿಹ್ಲಾ ಈಗ ಬೇರೆ ಊರಿನ ನೀರು ಶುದ್ಧೀಕರಣ ಘಟಕದಲ್ಲಿ ಪಾಳಿ ಕೆಲಸ ಮಾಡುತ್ತಾಳೆ. ಅಲ್ಲಿ ನಡೆದದ್ದನ್ನು ತೆಲ್ಲೆರ್ವೊಳೇ ನನಗೆ ಹೇಳಿದ್ದು. ಪಿಹ್ಲಾ ಮೂರು ಸಾಲನ್ನೂ ನಿಂತೇ ಓದಿದಳು.

"ಈಗ ಪರೀಕ್ಷೆಗೆ ಅರ್ಜಿ ಹಾಕಬಹುದಲ್ಲಮ್ಮಾ" ಎಂದಳು ತೆಲ್ಲೆರ್ವೊ. "ನಾಲ್ಕೂ ಆಯ್ತು."

"ಯಾರ ಕೈಕೆಳಗೆ ಹಾಕ್ಲಿ? ತೋರ್ಸ್ತಿ ಕೈಕೆಳಗಾ?" ಪಿಹ್ಲಾ ಸಂಚಿಕೆಯನ್ನು ಮಡಿಸಿ ವಾಪಸು ಕೊಟ್ಟಳು. "ಬೇಡ ತೆಲ್ಲೆರ್ವೊ. ಇಲ್ಲಿ ನಾನು ನೀರು ನೋಡಿ ಬರೆದಿಟ್ಟಿದ್ದಕ್ಕೆ ನನ್ನದೇ ಸಹಿ ಇರುತ್ತೆ. ಕಾಫಿ ಕುಡೀತೀರಾ? ನನ್ನ ಪಾಳಿ ಶುರುವಾಗೋಕೆ ಹತ್ತು ನಿಮಿಷ ಇದೆ."

ಇಬ್ಬರೂ ಕಾಫಿ ಕುಡಿದರು. ವಾಪಸು ಬರುವ ಬಸ್ಸಿಗೆ ಇನ್ನೂ ಮೂರು ಗಂಟೆಯಿತ್ತು. ತೆಲ್ಲೆರ್ವೊ ಘಟಕದ ಗೇಟಿನ ಹೊರಗೆ ಬೆಂಚಿನ ಮೇಲೆ ಕೂತು, ತನ್ನ ರಾಜೀನಾಮೆಯನ್ನು ಬರೆದು ಮುಗಿಸಿದಳು.