ಬಿಳಿ ಸೀರೆಯವಳ ಗುರುತು

ತುರ್ತು ಪರಿಸ್ಥಿತಿ ಮುಗಿದು ಕೆಲವು ವರ್ಷಗಳಾಗಿದ್ದರೂ ಹೂಡಿ ಎಂಬ ಊರಿನಲ್ಲಿ ಜೀಪಿನ ಸದ್ದು ಕೇಳಿದರೆ ಗಂಡಸರು ನೀಲಗಿರಿ ತೋಪಿನೊಳಗೆ ಮರೆಯಾಗುತ್ತಿದ್ದರು. ಗಂಡಸರ ಆಪರೇಷನ್ ಎಂಬ ಮಾತೆತ್ತಲು ಸರ್ಕಾರಕ್ಕೇ ಧೈರ್ಯವಿರಲಿಲ್ಲ. ಹಾಗಾಗಿ ಕುಟುಂಬ ಯೋಜನೆಯ ಭಾರವನ್ನೆಲ್ಲ ಹೆಂಗಸರ ಮೈಮೇಲೆ ಹೊರಿಸಿದರು. ಇದು ಅನ್ಯಾಯವೆಂದು ಆಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ವಾರಕ್ಕೆ ಮೂರು ಮಧ್ಯಾಹ್ನ ನಾನು ಬಿಳಿ ಖಾದಿ ಸೀರೆಯುಟ್ಟು ಆ ಊರಿಗೆ ಹೋಗಿ ಹೆಂಗಸರಿಗೆ ಅಕ್ಷರ ಕಲಿಸುತ್ತಿದ್ದೆ. ಓದದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿ ಎನ್ನುವುದೇ ನನ್ನ ಮೊದಲ ಪಾಠ.

ಆ ತರಗತಿಯಲ್ಲಿ ಎಲ್ಲರಿಗಿಂತ ಚುರುಕಾಗಿದ್ದವಳು ಇಪ್ಪತ್ತರ ಆಸುಪಾಸಿನ ಒಬ್ಬ ಸೊಸೆ. ಚೊಚ್ಚಲ ಹೆರಿಗೆಗೆ ಅವಳನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದವಳು ನಾನೇ. ಹೆಣ್ಣುಮಗುವಾಯಿತು. ಎರಡು ವರ್ಷ ಕಳೆದರೂ ಮತ್ತೆ ಬಸಿರು ನಿಲ್ಲಲಿಲ್ಲ. ಮುಟ್ಟಿನಲ್ಲಿ ವಿಪರೀತ ರಕ್ತ ಹೋಗತೊಡಗಿತು. ಯುಗಾದಿಯೊಳಗೆ ಬಸಿರಾಗದಿದ್ದರೆ ಮಗನಿಗೆ ಇನ್ನೊಂದು ಮದುವೆ ಮಾಡುವುದಾಗಿ ಅತ್ತೆ ಸಾರಿಬಿಟ್ಟಳು. ಕಾರ್ಖಾನೆಗೆ ಹೋಗುತ್ತಿದ್ದ ಗಂಡ ತಾಯಿಯ ಮಾತಿಗೆ ಎದುರಾಡುವವನಲ್ಲ.

ಒಂದು ದಿನ ಪಾಠದ ನಡುವೆ ಅವಳು ಬಳಪ ಕೆಳಗಿಟ್ಟಳು.

"ಅಕ್ಕ, ನನ್ನೊಳಗೆ ಯಾರೋ ದಾರ ಕಟ್ಟವ್ರೆ. ನೀರು ಉಯ್ಕಳುವಾಗ ಬೆರಳಿಗೆ ತಗಲ್ತದೆ. ಎಳದ್ರೆ, ಒಳಗಿಂದ ಇನ್ಯಾರೋ ಎಳದಂಗಾಯ್ತದೆ."

ಅದನ್ನು ಮನಸ್ಸಿನ ಭಯವೆಂದು ತಿಳಿದೆ. ನಾನಿನ್ನೂ ಮದುವೆಯಾಗದವಳು; ನನ್ನ ತಿಳಿವಳಿಕೆಯೆಲ್ಲ ಪುಸ್ತಕದ್ದು.

ಅತ್ತೆ ಅವಳನ್ನು ತೋಪಿನಲ್ಲಿ ಕಣಿ ಹೇಳುವ ಪೂಜಾರಿಯ ಮುಂದೆ ಕೂರಿಸಿದಳು. ತಡೆಯಲೆಂದೇ ನಾನೂ ಹೋದೆ. ನೆತ್ತಿಯ ಮೇಲೆ ಸೂರ್ಯ. ಯಾರ ನೆರಳೂ ಕಾಲಡಿಯಿಂದ ಆಚೆಗೆ ಚಾಚಿರಲಿಲ್ಲ. ಗಾಳಿಯಿಲ್ಲದಿದ್ದರೂ ಮೇಲೆಲ್ಲೋ ಎಲೆಗಳು ಪಿಸುಗುಡುತ್ತಿದ್ದವು. ಪೂಜಾರಿ ಕರ್ಪೂರ ಹಚ್ಚಿ ಕಣ್ಣು ಮುಚ್ಚಿದ.

"ಗರ್ಭಕ್ಕೆ ಕಟ್ಟು ಹಾಕವ್ರೆ. ಬಿಳಿ ಸೀರೆಯೋಳು. ಹೆರಿಗೆ ದಿನ ಬಾಗ್ಲಲ್ಲಿ ನಿಂತು ಗುರುತು ಹಾಕೌಳೆ."

ಎಲ್ಲ ಮುಖಗಳೂ ಒಟ್ಟಿಗೆ ನನ್ನ ಕಡೆಗೆ ತಿರುಗಿದವು. ಮೂಢನಂಬಿಕೆಯ ವಿರುದ್ಧ ನಾನು ಗಟ್ಟಿಯಾಗಿ ಮಾತನಾಡಿದೆ. ಒಬ್ಬ ಮುದುಕಿ ಬೊಚ್ಚುಬಾಯಲ್ಲಿ ನಕ್ಕಳು.

"ನಿಮ್ಮನ್ಯಾಕಮ್ಮ ಅಂದಾರು? ಬಿಳಿ ಸೀರೆ ಉಡೋಳು ಆಸ್ಪತ್ರೆ ನರ್ಸಮ್ಮನೂ ಔಳಲ್ವಾ!"

ಸೊಸೆ ಹೇಳಿದ್ದ ದಾರದ ಮಾತು ನನ್ನ ತಲೆಯಲ್ಲಿ ಮತ್ತೆ ಸುಳಿಯಿತು.

ಮರುದಿನವೇ, ರಕ್ತಹೀನತೆಗೆ ಔಷಧಿ ಎಂದು ಅತ್ತೆಯನ್ನು ಒಪ್ಪಿಸಿ ಅವಳನ್ನು ಅದೇ ಆಸ್ಪತ್ರೆಗೆ ಕರೆದೊಯ್ದೆ. ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಪರೀಕ್ಷಿಸಿ ಹುಬ್ಬೇರಿಸಿದರು.

"ವಂಕಿ ಇದೆಯಲ್ರೀ. ಹಾಕಿಸ್ಕೊಂಡು ಮರ್ತೇಬಿಟ್ರಾ?"

ವಂಕಿ ಎಂದರೆ ಬಸಿರು ನಿಲ್ಲದಂತೆ ಗರ್ಭದೊಳಗೆ ಇಡುವ ಸಾಧನ; ಅದರ ತುದಿಗೆ ಸಣ್ಣ ದಾರವಿರುತ್ತದೆ. ಅವಳಿಗೆ ಹೇಳದೆ ಅವಳ ಮೈಯೊಳಗೆ ಇದನ್ನಿಡಲು ಅಧಿಕಾರ ಕೊಟ್ಟವರು ಯಾರು ಎಂದು ನಾನು ಕೂಗಾಡಿದೆ. ಡಾಕ್ಟರಮ್ಮ ಹಳೆಯ ರಿಜಿಸ್ಟರ್ ತೆರೆದು ನನ್ನತ್ತ ತಿರುಗಿಸಿದರು. 'ಒಪ್ಪಿಗೆ' ಎಂಬ ಜಾಗದಲ್ಲಿ ದುಂಡಗಿನ, ಸ್ಪಷ್ಟವಾದ ಸಹಿಯಿತ್ತು. ನನ್ನದು.

ಆಗ ನೆನಪಾಯಿತು. ಒಳಗೆ ಅವಳ ಚೀರಾಟ. ಹೆರಿಗೆ ಕೋಣೆಯ ಬಾಗಿಲಲ್ಲಿ ನಾನು. "ಬೇಗ ಮೇಡಂ, ಇಲ್ಲೊಂದು ಸಹಿ," ಎಂದು ನರ್ಸ್ ಪೆನ್ನು ಚಾಚಿದ್ದಳು. ಓದದೆ ಹಾಕಿದ್ದೆ. ಗುರಿ ಮುಟ್ಟುವ ಆತುರದ ಸರ್ಕಾರದ್ದು ತಪ್ಪು, ಬಾಯಿ ಬಿಟ್ಟು ಹೇಳದ ನರ್ಸಿನದೂ ತಪ್ಪು. ಆದರೆ ಕೈ ನನ್ನದು.

"ತೆಗೀಲೇನಮ್ಮ?" ಎಂದು ಡಾಕ್ಟರಮ್ಮ ಅವಳನ್ನೇ ಕೇಳಿದರು. "ತೆಗೀರಿ," ಎಂದಳು.

ತೆಗೆದದ್ದನ್ನು ಅಂಗೈ ಮೇಲೆ ಇಡಿಸಿಕೊಂಡು ನೋಡಿದಳು. ಬಿಳಿಯ ಪ್ಲಾಸ್ಟಿಕ್ ಕಡ್ಡಿ, ಕಪ್ಪಾದ ತಾಮ್ರದ ತಂತಿ.

"ಇಷ್ಟೇಯಾ ಅಕ್ಕ? ಕೇಳಿದ್ರೆ ನಾನೇ ಊಂ ಅಂತಿದ್ನಲ್ಲ. ಎಲ್ಡು ವರ್ಸ ಬಿಡುವು ಯಾರಿಗೆ ಬ್ಯಾಡ?"

ಅದನ್ನು ಕಾಗದದಲ್ಲಿ ಸುತ್ತಿ ಮನೆಗೊಯ್ದು ಅತ್ತೆಗೆ ತೋರಿಸಿ, ನಡೆದದ್ದನ್ನೆಲ್ಲ ಹೇಳಿದಳು. ಎರಡನೆಯ ಮದುವೆಯ ಮಾತು ಅಲ್ಲಿಗೆ ನಿಂತಿತು. ಪೂಜಾರಿಯ ಹೆಸರು ಮಾತ್ರ ಸುತ್ತಲಿನ ಊರುಗಳಿಗೆಲ್ಲ ಹಬ್ಬಿತು.

ಮುಂದಿನ ಪಾಠದ ದಿನ ಅವರ ಮನೆಯ ಬಾಗಿಲಿಗೆ ಹೊಸ ನಿಂಬೆಹಣ್ಣು, ಮೆಣಸಿನಕಾಯಿ, ಇದ್ದಿಲು ಕಟ್ಟಿದ್ದರು. ಯಾರ ದೃಷ್ಟಿ ತಾಗದಿರಲಿ ಎಂದು ಕಟ್ಟಿದರೋ, ನಾನು ಕೇಳಲಿಲ್ಲ. ವಾದಿಸಲೂ ಇಲ್ಲ. ಬೀದಿಯಲ್ಲೇ ನಿಂತು, "ಪಾಠಕ್ಕೆ ಬರ್ತೀಯೇನಮ್ಮ?" ಎಂದೆ. ಒಳಗೆ ಕತ್ತಲಲ್ಲಿ ಯಾರೋ ಸರಿದಾಡಿದಂತಾಯಿತು. ಈ ಸಲ ಅವಳದೇ ಉತ್ತರ ಬರುವವರೆಗೂ ಬಿಸಿಲಲ್ಲಿ ಕಾದು ನಿಂತೆ.