ಕಿವಿ ಮೇಸ್ತ್ರಿಗೆ ಕೇಳಿಸದ ಸದ್ದು

ಇನ್ನೂ ನಸುಕು. ಮೇಲ್ಸೇತುವೆಯ ಏರು ಶುರುವಾಗುವಲ್ಲಿ ಹಳೆಯ ಕಾರೊಂದು ಗುರುಗುಟ್ಟುತ್ತ ನಿಂತಿದೆ. ಸ್ಟೀರಿಂಗ್ ಹಿಡಿದವರು ಅರವತ್ತೆರಡರ ಮೇಸ್ತ್ರಿ, ಪಕ್ಕದಲ್ಲಿ ಸ್ವೆಟರ್ ತೊಟ್ಟ ಅವರ ಹೆಂಡತಿ. ಹಿಂದಿನ ಸೀಟಿನಲ್ಲಿ ಪತ್ರಿಕೆಗೆ ಬರೆಯಲು ಬಂದ ನಾನು. ಮೇಸ್ತ್ರಿ ಮೂರನೇ ಗೇರಿಗೆ ಹಾಕಿ ಆಕ್ಸಿಲರೇಟರನ್ನು ಪೂರ್ತಿ ಒತ್ತುತ್ತಾರೆ. ಅರ್ಧ ಏರಿನಲ್ಲಿ ಆಕೆ ಗಂಡನ ಮೊಣಕಾಲು ತಟ್ಟುತ್ತಾರೆ.

"ಬಂತಾ?"

"ಬಂತು ಕಣ್ರೀ. ಡಬ್ಬಿಯಲ್ಲಿ ಕಾಳು ಅಲ್ಲಾಡಿಸಿದ ಹಾಗೆ."

ಮೇಸ್ತ್ರಿ ಗಾಡಿ ಬದಿಗೆ ಹಾಕಿ, ಬಾನೆಟ್ ಎತ್ತಿ, ಪ್ಲಗ್ಗಿನ ಕಿಡಿ ಹಾರುವ ಟೈಮಿಂಗನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸುತ್ತಾರೆ. ಊರವರೆಲ್ಲ ಇವರನ್ನು ಕರೆಯುವುದು ಕಿವಿ ಮೇಸ್ತ್ರಿ ಎಂದೇ. ಹೇಳುವುದಕ್ಕೂ ಸಂಕಟ, ಆ ಕಿವಿಯೇ ಈಗ ಕೈಕೊಟ್ಟಿದೆ.

ಬಂಕಿನಲ್ಲಿ ತೊಂಬತ್ತೊಂದು, ತೊಂಬತ್ತೈದು ಎಂದು ಆಕ್ಟೇನ್ ಬರೆದಿರುತ್ತಾರಲ್ಲ, ನಾವು ನೀವೆಲ್ಲ ಅದನ್ನು ಓದುವುದೇ ಇಲ್ಲ ಬಿಡಿ. ಅಂಕಿ ಹೆಚ್ಚಿದ್ದಷ್ಟೂ ಪೆಟ್ರೋಲಿಗೆ ತಾಳ್ಮೆ ಹೆಚ್ಚು. ಎಷ್ಟೇ ಒತ್ತಡ ಬಿದ್ದರೂ ಬೆಂಕಿ ತನ್ನ ಬಳಿ ಬರುವವರೆಗೆ ಕಾಯುತ್ತದೆ. ಕಡಿಮೆ ಅಂಕಿಯದು ಅವಸರಪಟ್ಟು ತಾನೇ ಹೊತ್ತಿಕೊಂಡು ಪಿಸ್ಟನ್ನಿಗೆ ಬಡಿಯುತ್ತದೆ. ಆ ಬಡಿತವೇ ಡಬ್ಬಿಯ ಕಾಳಿನ ಸದ್ದು. ಹಾಗಾಗಿ ಮೇಸ್ತ್ರಿಯ ಮೊದಲ ಪ್ರಶ್ನೆ ಒಂದೇ: "ಇದರ ಹೊಟ್ಟೆಗೆ ಏನು ಹಾಕ್ತೀರಿ?" ಎಲ್ಲರೂ ದುಬಾರಿಯದೇ ಎನ್ನುತ್ತಾರೆ. "ಡಾಕ್ಟ್ರಿಗೂ ಮೆಕ್ಯಾನಿಕ್ಕಿಗೂ ಯಾರೂ ನಿಜ ಹೇಳಲ್ಲ" ಎಂದು ನಕ್ಕು ಮೇಸ್ತ್ರಿ ಪ್ಲಗ್ ಬಿಚ್ಚಿ ಅದರ ಮೇಲಿನ ಕಲೆ ನೋಡುತ್ತಾರೆ.

ಮೂವತ್ತನಾಲ್ಕು ವರ್ಷ ಈ ಏರಿನಲ್ಲಿ ಕಿವಿಗೊಟ್ಟಿದ್ದಾರೆ. ಒಂದು ಕಾಲಕ್ಕೆ ದಿನಕ್ಕೆ ಆರು ಗಾಡಿ, ಈಗ ಎರಡಾದರೆ ಹೆಚ್ಚು. "ಹೊಸ ಗಾಡಿಗೆ ತನ್ನದೇ ಕಿವಿ ಇರುತ್ತೆ. ಬಡಿತ ಶುರುವಾದ್ರೆ ಅದೇ ಸರಿ ಮಾಡ್ಕೊಳ್ಳುತ್ತೆ. ನನ್ನ ಹತ್ರ ಬರೋದು ಕಿವಿ ಇಲ್ಲದವು ಮಾತ್ರ." ಮೇಸ್ತ್ರಿಗೆ ಮಾತು ಕೇಳಿಸುತ್ತದೆ, ಹಾರ್ನ್ ಕೇಳಿಸುತ್ತದೆ. ಆ ತೆಳ್ಳನೆಯ ಸದ್ದೊಂದು ಮಾತ್ರ ಇಲ್ಲ. ಕಿವಿಗೆ ಯಂತ್ರ ಸಿಕ್ಕಿಸಿಕೊಂಡೂ ನೋಡಿದರು, ಇಂಜಿನ್ನಿನ ಗದ್ದಲವೆಲ್ಲ ಒಟ್ಟಿಗೇ ನುಗ್ಗಿತು. ಹೋದದ್ದು ಬರುವುದಿಲ್ಲ ಎಂದು ವೈದ್ಯರು ಕೈಚೆಲ್ಲಿದ್ದಾರೆ.

ಕಿವಿ ಕೈಕೊಟ್ಟದ್ದು ಗೊತ್ತಾದದ್ದು ಶಾಲೆಯ ಮಕ್ಕಳನ್ನು ಒಯ್ಯುವ ವ್ಯಾನಿನಿಂದ. ಅಗ್ಗದ ಪೆಟ್ರೋಲಿಗೆ ಹೊಂದಿಸಿಕೊಡಿ ಎಂದು ಅದರ ಚಾಲಕ ಕೇಳಿದ್ದ. ಮೇಸ್ತ್ರಿ ಹೊಂದಿಸಿದರು, ಏರು ಹತ್ತಿಸಿದರು, ಏನೂ ಕೇಳಿಸಲಿಲ್ಲ. "ಧೈರ್ಯವಾಗಿ ಓಡ್ಸಪ್ಪ" ಎಂದು ಕಳುಹಿಸಿದರು. ಹನ್ನೊಂದನೆಯ ದಿನ ನಡುರಸ್ತೆಯಲ್ಲಿ ವ್ಯಾನ್ ನಿಂತಿತು. ಬಿಚ್ಚಿದರೆ ಪಿಸ್ಟನ್ನಿನ ನೆತ್ತಿಯಲ್ಲಿ ಬೆರಳು ತೂರುವಷ್ಟು ತೂತು.

ಚಾಲಕ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಮೊದಲ ದಿನದಿಂದ್ಲೇ ನಂಗೆ ಸದ್ದು ಕೇಳ್ತಿತ್ತು ಮೇಸ್ತ್ರಿ. ನೀವೇ ಸರಿ ಇದೆ ಅಂದ್ಮೇಲೆ ನನ್ನ ಕಿವೀನೇ ಸರಿ ಇಲ್ಲ ಅಂದ್ಕೊಂಡೆ" ಎಂದ.

ಅಂದಿನಿಂದ ಹೆಂಡತಿ ಪಕ್ಕದಲ್ಲಿ ಕೂರುತ್ತಾರೆ. ಮೇಸ್ತ್ರಿ ಬಾನೆಟ್ಟಿನೊಳಗೆ ತಲೆ ತೂರಿಸಿದ್ದಾಗ ಆಕೆ ನನಗೆ ಮೆಲ್ಲಗೆ ಹೇಳುತ್ತಾರೆ: "ಜೋರಾಗಿ ಬಡಿದ್ರೆ ನಂಗೆ ಗೊತ್ತಾಗುತ್ತೆ. ಸಣ್ಣದಾಗಿ ಶುರುವಾಗೋದು ತಿಳಿಯಲ್ಲ. ಅವರ ಮುಖ ನೋಡಿ ಒಂದೊಂದ್ಸಲ ಇಲ್ಲ ಅಂದ್ಬಿಡ್ತೀನಿ."

ಮೇಸ್ತ್ರಿಗೆ ಅದೂ ಗೊತ್ತಿದೆ. ಮೂವತ್ತು ವರ್ಷ ಸಂಸಾರ ಮಾಡಿದವರಿಗೆ ಅಷ್ಟೂ ತಿಳಿಯದೇ? ಬೇರೆ ಕೆಲಸ ಬರುವುದಿಲ್ಲ, ಈ ಕೆಲಸ ಇನ್ನು ಆಗುವುದಿಲ್ಲ. ಗಿರಾಕಿಗಳ ಮುಂದೆ ಮಾತ್ರ ಇಷ್ಟು ದಿನವೂ ಬಾಯಿ ಬಿಟ್ಟಿಲ್ಲ.

ಬೆಳಕು ಹರಿದಿದೆ. ಕಿವಿಯ ಸುದ್ದಿ ಬಿಟ್ಟು ಬರೆಯಲೇ ಎಂದು ನಾನು ಕೇಳಿದರೆ ಮೇಸ್ತ್ರಿ ಚಿಂದಿಯಲ್ಲಿ ಕೈ ಒರೆಸಿಕೊಳ್ಳುತ್ತಾರೆ. ಹೆಂಡತಿ ತಲೆ ತಗ್ಗಿಸಿ ನಿಂತಿದ್ದಾರೆ.

"ಬಿಡ್ಬೇಡಿ, ಅದನ್ನೇ ಮೊದಲು ಬರೀರಿ" ಎನ್ನುತ್ತಾರೆ ಮೇಸ್ತ್ರಿ. "ನಾಳೆಯಿಂದ ಯಾರೂ ಬರಲ್ಲ, ಗೊತ್ತು. ಆದ್ರೂ ಹಾಕಿ. ನಾನು ಸರಿ ಇದೆ ಅಂದಿದ್ದನ್ನ ಇನ್ಯಾರೂ ನಂಬಬಾರದು."