ಬಾಯ್ಲರ್ ಚಾಚಾನ ನಾಲ್ಕರ ಲೆಕ್ಕ

ಚಾಚಾನ ಎಡಗಣ್ಣಿನ ಮೇಲೆ ಹುಬ್ಬಿರಲಿಲ್ಲ. ಹರೆಯದಲ್ಲಿ ಬಾಯ್ಲರಿನ ಬಾಗಿಲು ತೆರೆದಾಗ ಬೆಂಕಿ ಅದನ್ನು ನೆಕ್ಕಿಕೊಂಡು ಹೋಗಿತ್ತಂತೆ. ಯೋಚನೆಗೆ ಬಿದ್ದರೆ ಆ ಬೋಳು ಜಾಗವನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದರು.

ಮಕ್ಕಳೇ, ಚೆಂಬೂರಿನ ನಮ್ಮ ಹಳೆಯ ಬಿಲ್ಡಿಂಗಿನಲ್ಲಿ ಅವರದು ಎದುರುಮನೆ. ವಿಜಯಪುರದ ಕಡೆಯವರು, ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಂಡಿದ್ದು ನಿವೃತ್ತರಾದವರು. ಶಾಖ ಅಳೆಯಲು ಹಳೆಯ ಬಾಯ್ಲರಿಗೆ ಇಂಗ್ಲಿಷರ ಕಾಲದ ಬಿಟಿಯು ಲೆಕ್ಕ, ಹೊಸದಕ್ಕೆ ಕ್ಯಾಲೊರಿ. ಒಂದನ್ನು ಇನ್ನೊಂದಕ್ಕೆ ತಿರುಗಿಸುವುದೇ ಅವರ ಚಟ. ನನ್ನ ನೀರುದೋಸೆಯನ್ನೂ ಬಿಡುತ್ತಿರಲಿಲ್ಲ. “ತಂಗೀ, ಇದೊಂದ ದ್ವಾಸಿಯೊಳಗ ನಾಕನೂರು ಬಿಟಿಯು ಐತಿ. ಲೋಕಲ್ ಗಾಡಿ ತಿಂದ್ರ ಕುರ್ಲಾ ಮುಟ್ಟತೈತಿ!”

ನಿಮ್ಮ ಅಜ್ಜನಿಗೆ ಲಕ್ವ ಹೊಡೆದ ಮೇಲೆ ಮೂಗಿನ ನಳಿಕೆಯಿಂದಲೇ ಆಹಾರ. ದಿನಕ್ಕೆ ಹನ್ನೆರಡುನೂರು ಕ್ಯಾಲೊರಿ ಹೋಗಬೇಕೆಂದು ಸಯನ್ ಆಸ್ಪತ್ರೆಯ ಡಾಕ್ಟರು ಹೇಳಿದ್ದರು. ನಳಿಕೆಗೆಂದು ನೀರಿನಲ್ಲಿ ಕದಡುವ ಇಲ್ಲಿಯ ಪೌಡರ್ ಡಬ್ಬಿಯ ಮೇಲೆ ನೂರು ಗ್ರಾಮಿಗೆ ನಾನೂರ ಚಿಲ್ಲರೆ ಎಂದಿತ್ತು. ನನ್ನ ತಮ್ಮನ ಮಗ ಆಸ್ಟ್ರೇಲಿಯಾದಿಂದ ತಂದ ಡಬ್ಬಿಯ ಮೇಲೆ ಸಾವಿರದ ಎಂಟುನೂರು. ಫಾರಿನ್ ಪೌಡರ್ ಅಲ್ಲವೇ, ಗಟ್ಟಿ ಇರಬೇಕು ಎಂದುಕೊಂಡು ಮೊದಲಿನ ಕಾಲುಭಾಗ ಮಾತ್ರ ಕದಡತೊಡಗಿದೆ.

ಹತ್ತೇ ದಿನದಲ್ಲಿ ಅಜ್ಜನ ಉಡಿದಾರವನ್ನು ಎರಡು ಸಲ ಬಿಗಿ ಮಾಡಿದೆ. ಕಣ್ಣು ಗುಳಿಬಿತ್ತು. ನನಗೆ ಕೂತಲ್ಲಿ ಕೂರಲಾಗದು. ಫೋನು ಎತ್ತುವುದು, ಇಡುವುದು. ಡಾಕ್ಟರ ಹತ್ತಿರ ಏನೆಂದು ಕೇಳಲಿ? ಊರಿನ ಶಾಲೆಯಲ್ಲಿ ನಾಲ್ಕಕ್ಷರ ಕಲಿತವಳಿಗೆ ಬಾಯಿಯೇ ಬರುತ್ತಿರಲಿಲ್ಲ.

ಅಜ್ಜನನ್ನು ನೋಡಲು ಬಂದ ಚಾಚಾ ಡಬ್ಬಿಯನ್ನು ತಿರುಗಿಸಿ ಓದಿದರು. ಹೆಬ್ಬೆರಳು ಹುಬ್ಬಿನ ಜಾಗಕ್ಕೆ ಹೋಯಿತು.

“ಎಷ್ಟು ಹಾಕ್ತಿ?”

ಹೇಳಿದೆ.

“ಯಾ ಅಲ್ಲಾ! ಇದು ಕ್ಯಾಲೊರಿ ಅಲ್ಲ ತಂಗೀ, ಕಿಲೋಜೂಲ್. ನಮ್ಮ ಬಿಟಿಯುದ ತಮ್ಮ ಇದ್ದಂಗ, ನಾಕು ಕೂಡಿದ್ರ ಒಂದು ಕ್ಯಾಲೊರಿ. ಅಂಕಿ ಅಷ್ಟ ನೋಡಬ್ಯಾಡ, ಅದರ ಬಾಜೂಕಿನ ಹೆಸರು ನೋಡು.”

ಹತ್ತು ದಿನ ನಾನು ಅವರನ್ನು ಉಪವಾಸ ಕೆಡವಿದ್ದೆ. ಕೂಡಲೇ ಮೊದಲಿನಷ್ಟು ಪೌಡರ್ ಹಾಕಲು ಚಮಚ ತುಂಬಿಸಹೊರಟೆ. ಚಾಚಾ ಕೈ ಹಿಡಿದರು. “ತಡಿ. ತಣ್ಣಗಾದ ಬಾಯ್ಲರಿಗೆ ಒಮ್ಮೆಗೇ ಇದ್ದಲು ತುಂಬಿದ್ರ ಒಡದ ಹೋಗತೈತಿ.” ತಾವೇ ಡಾಕ್ಟರಿಗೆ ಫೋನು ಹಚ್ಚಿದರು. ಡಾಕ್ಟರೂ ಅದನ್ನೇ ಹೇಳಿದರು: ದಿನದಿನಕ್ಕೂ ಸ್ವಲ್ಪಸ್ವಲ್ಪ ಏರಿಸಿ, ರಕ್ತ ಪರೀಕ್ಷೆ ಮಾಡಿಸಿ.

“ಚಾಚಾ, ಯಾರಿಗೂ ಹೇಳ್ಬೇಡಿ ಮಾರಾಯ್ರೆ” ಎಂದೆ.

“ಏನ ಹೇಳಲಿ? ನಾ ದ್ವಾಸಿ ತಿನ್ನಾಕ ಬಂದಿದ್ದೆ.”

ಅಜ್ಜ ಇನ್ನೂ ಎರಡು ವರ್ಷ ಇದ್ದರು. ದೊಡ್ಡವಳೇ, ನೀನು ಹುಟ್ಟಿದ್ದು ಆಗ. ನಿನ್ನನ್ನು ಅವರ ಎದೆಯ ಮೇಲೆ ಮಲಗಿಸಿದಾಗ ಬಾಯಿಯ ಒಂದೇ ಬದಿಯಿಂದ ನಕ್ಕಿದ್ದರು.

ಅವರು ತೀರಿದ ದಿನ ನೆಂಟರೆಲ್ಲ, “ಗಂಡನನ್ನು ಕೂಸಿನ ಹಾಗೆ ಸಾಕಿದಳು” ಎಂದು ಹೊಗಳಿದರು. ನನಗೆ ತಲೆ ಎತ್ತಲಾಗಲಿಲ್ಲ. ಮೆಟ್ಟಿಲ ಮೇಲೆ ಕೂತಿದ್ದ ಚಾಚಾ ಹುಬ್ಬಿನ ಜಾಗ ಉಜ್ಜಿಕೊಳ್ಳುತ್ತಾ, “ಹೌದ್ರೀ, ನಾ ನೋಡೇನಿ” ಎಂದರು.

ಹೋದ ತಿಂಗಳು ಚಾಚಾ ಕುರ್ಲಾದ ಮಗಳ ಮನೆಯಲ್ಲಿ ತೀರಿಕೊಂಡರು. ಆ ಹತ್ತು ದಿನಗಳ ಸಂಗತಿ ನಿಮ್ಮ ಅಪ್ಪನಿಗೂ ಗೊತ್ತಿಲ್ಲ. ನನಗಾಗಿ ಅದನ್ನು ಕಾದಿಟ್ಟವರು ಹೋದರು. ಇನ್ನು ಅದು ನಿಮಗೆ ಗೊತ್ತಿರಲಿ.